ಮರಕ್ಕೆ ಬೆನ್ನು ಬರಲು ಬಿಡದ ಡಾಗ್ನಿ

ಬೆಳಗಿನ ಏಳೂವರೆ. ಡಿಸೆಂಬರಿನಲ್ಲಿ ಜಟ್‌ಲ್ಯಾಂಡಿನ ಸೂರ್ಯನಿಗೆ ಏಳುವ ಆತುರವೇನೂ ಇಲ್ಲ. ಡಾಗ್ನಿ ಬೋಯೆಸನ್ ಮಾತ್ರ ಆಗಲೇ ಕ್ರಿಸ್‌ಮಸ್ ಮರಗಳ ತೋಟದಲ್ಲಿದ್ದಾರೆ. ಹಣೆಗೆ ದೀಪ ಕಟ್ಟಿಕೊಂಡು ಫರ್ ಮರವೊಂದಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಕತ್ತು ಓರೆ ಮಾಡಿ ನೋಡುತ್ತಾರೆ, ಇನ್ನೊಂದು ಸುತ್ತು ಬರುತ್ತಾರೆ. "ನೀನು ಇನ್ನೊಂದು ವರ್ಷ ಇರು ಮಾರಾಯ" ಎಂದು ಅದರ ಬುಡಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ. ಚೀಟಿ ಇಲ್ಲದ ಮರಗಳಿಗೆ ಹಿಂದೆ ಬರುವವರ ಗರಗಸ ಕಾದಿದೆ.

ಕ್ರಿಸ್‌ಮಸ್ ಮರವನ್ನು ಗೋಡೆಗೆ ಒತ್ತಿ ನಿಲ್ಲಿಸುವ ಊರುಗಳೂ ಇವೆಯಂತೆ. ನಮ್ಮಲ್ಲಿ ಅದು ನಡುಮನೆಯಲ್ಲೇ ನಿಲ್ಲಬೇಕು, ಕೈಕೈ ಹಿಡಿದು ಹಾಡುತ್ತ ಎಲ್ಲರೂ ಅದರ ಸುತ್ತ ಕುಣಿಯಬೇಕು. "ಮನುಷ್ಯರಿಗೆ ಬೆನ್ನಿದ್ರೆ ಪರವಾಗಿಲ್ಲ. ನಮ್ಮ ಮರಕ್ಕೆ ಇರ್ಬಾರ್ದು, ಸುತ್ತಲೂ ಮುಖಾನೇ ಆಗ್ಬೇಕು" ಎನ್ನುತ್ತಾರೆ ಡಾಗ್ನಿ.

ಅಪ್ಪ ಹಾಕಿದ ತೋಟ. ತಮ್ಮ ಐನಾರ್ ವ್ಯಾಪಾರ, ಲಾರಿ ನೋಡಿಕೊಳ್ಳುತ್ತಾರೆ, ಪತ್ರಿಕೆಯ ಫೋಟೊದಲ್ಲಿ ನಗುವವರೂ ಅವರೇ. ಅರವತ್ಮೂರರ ಅಕ್ಕ ಮೂವತ್ತೊಂಬತ್ತು ವರ್ಷಗಳಿಂದ ಸಾಲುಗಳ ನಡುವೆ ನಡೆಯುತ್ತಿದ್ದಾರೆ. ದಿನಕ್ಕೆ ಎಂಟುನೂರು ಮರ, ಒಂದೊಂದಕ್ಕೂ ಎರಡು ಸುತ್ತು. ಮೇ ತಿಂಗಳ ಹಿಮ ಚಿಗುರು ಸುಡುತ್ತದೆ, ಉಳಿದದ್ದನ್ನು ಜಿಂಕೆ ಮೇಯುತ್ತದೆ. ಮಂಡಿ ಎಂದೋ ಕೈಕೊಟ್ಟಿದೆ. ಬೆರಳ ಅಂಟು ಸೋಪಿಗೆ ಜಗ್ಗುವುದಿಲ್ಲ, ಬೆಣ್ಣೆಯನ್ನೇ ಹಚ್ಚಿ ತಿಕ್ಕಬೇಕು.

ಇವತ್ತು ಜರ್ಮನಿಗೆ ಕೊನೆಯ ಲಾರಿ. ಹಾಗಾಗಿ ಮಧ್ಯಾಹ್ನ ಎಲ್ಲರಿಗೂ ಹಾಲಿನಲ್ಲಿ ಬೆಂದ ಅಕ್ಕಿ ಗಂಜಿ, ಅದರೊಳಗೆ ಒಂದೇ ಒಂದು ಬಾದಾಮಿ. ಯಾರ ಬಾಯಿಗೆ ಸಿಗುತ್ತದೋ ಅವರಿಗೆ ಬಹುಮಾನ. ಮರ ತುಂಬಿಸಿ ಮುಗಿಸಿದ ಚಾಲಕ ಡೀಟ್ಮಾರ್ ಕೂಡ ಪಂಕ್ತಿಯಲ್ಲಿದ್ದಾರೆ. ಮೂರನೇ ಬಟ್ಟಲಾದರೂ ಬಾದಾಮಿಯ ಸುಳಿವಿಲ್ಲ.

ಮೂಗೊರೆಸಲು ಕರ್ಚೀಫು ತೆಗೆಯಹೋದ ಡಾಗ್ನಿಯ ಕೈಗೆ ಜೇಬಿನಿಂದ ದಾರವಿಲ್ಲದ ಕೆಂಪು ಚೀಟಿಯೊಂದು ಬರುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ.

"ಅಯ್ಯೋ, ಊರಿನ ಮರ!"

ಊರಿನ ಸಭಾಭವನಕ್ಕೆಂದು ಹನ್ನೊಂದು ವರ್ಷ ಸಾಕಿದ ಮರ ಅದು. ಈ ವರ್ಷ ಅದರ ಸರದಿ, ಭಾನುವಾರ ಊರಿಗೆ ಊರೇ ಅದರ ಸುತ್ತ ಕುಣಿಯುತ್ತದೆ. ಚೀಟಿಯ ಹಳೇ ದಾರ ತೊಗಟೆಯನ್ನು ಕಚ್ಚಿತ್ತೆಂದು ನಿನ್ನೆ ಬಿಚ್ಚಿದ್ದರು, ಹೊಸ ದಾರ ತಂದು ಮತ್ತೆ ಕಟ್ಟಲು ಮರೆತಿದ್ದರು. ಬೆಳಿಗ್ಗೆ ಗರಗಸದವರು ಆ ಸಾಲನ್ನೇ ಮುಗಿಸಿದ್ದಾರೆ.

"ಲಾರಿ ಹೋಯ್ತಾ?"

"ಎಲ್ಲಿ ಹೋಗುತ್ತೆ, ಚಾಲಕ ಇಲ್ಲೇ ಇದಾನಲ್ಲ!" ಎನ್ನುತ್ತಾರೆ ಐನಾರ್. "ಹನ್ನೆರಡಕ್ಕೇ ಹೊರಡ್ಬೇಕಿತ್ತು. ಏನಯ್ಯಾ, ಇನ್ನೂ ಕೂತಿದೀಯಾ?"

ಡೀಟ್ಮಾರ್ ಕಳ್ಳನಗೆ ನಕ್ಕು ದವಡೆಯಿಂದ ಬಾದಾಮಿ ತೆಗೆಯುತ್ತಾರೆ. "ಮೊದಲ್ನೇ ಬಟ್ಲಲ್ಲೇ ಸಿಕ್ಕಿತ್ತು ಅಕ್ಕಾವ್ರೇ. ನೀವೆಲ್ಲ ಹೊಟ್ಟೆ ಬಿರಿಯೋವರ್ಗೂ ತಿನ್ಲಿ ಅಂತ ಬಾಯ್ಮುಚ್ಕೊಂಡಿದ್ದೆ."

ಸಾಗಿಸಲೆಂದು ಕೊಂಬೆ ಮಡಚಿ ಬಲೆ ಸುತ್ತಿದ ಮೇಲೆ ಎಲ್ಲ ಮರವೂ ನೋಡಲು ಒಂದೇ. ಲಾರಿಯಿಂದ ಒಂದೊಂದೇ ಇಳಿಸುತ್ತಾರೆ. ಡಾಗ್ನಿ ನೋವಿನ ಮಂಡಿಯೂರಿ ಬುಡಗಳನ್ನು ತಡವುತ್ತಾರೆ. ನಲವತ್ತೊಂದನೆಯದರಲ್ಲಿ ಬೆರಳು ನಿಲ್ಲುತ್ತದೆ. ದಾರ ಕಚ್ಚಿದ ಗಾಯ! "ಇದೇ, ಇದೇ ಕಣೋ!" ಎಂದು ಅಲ್ಲೇ ನೆಲದ ಮೇಲೆ ಕುಸಿದು ಕೂರುತ್ತಾರೆ. ನಗುವೋ ಅಳುವೋ ಅವರಿಗೇ ತಿಳಿಯದು. ನೋಡುತ್ತಿದ್ದ ನಮಗೂ ಹೋದ ಜೀವ ಬಂದಂತಾಗುತ್ತದೆ.

"ತಪ್ಪು ನಿಂದು, ಬೆನ್ನು ಮುರ್ಕೊಂಡಿದ್ದು ನಾವು ಅಕ್ಕಾ" ಎಂದು ಐನಾರ್ ರೇಗಿಸುತ್ತಾರೆ.

ಬಲೆ ಬಿಚ್ಚಿ ಕೊಂಬೆ ಬಿಡಿಸುತ್ತಿದ್ದ ಡಾಗ್ನಿಯನ್ನು ಭಾನುವಾರದ ಆಸೆ ಏನೆಂದು ಕೇಳಿದರೆ, ತುಸು ನಾಚುತ್ತಾರೆ.

"ಮರಕ್ಕೆ ನಿಜವಾದ ಮೇಣದಬತ್ತಿ ಹಚ್ತೀವಲ್ಲ, ಯಾರಾದ್ರೂ ನೀರಿನ ಬಕೆಟ್ ಇಟ್ಕೊಂಡು ಗೋಡೆ ಹತ್ರ ನಿಂತಿರ್ಬೇಕು. ಇಷ್ಟು ವರ್ಷ ನಾನೇ ನಿಂತೆ. ಅಲ್ಲಿಂದ ಒಂದೇ ಕಡೆ ಕಾಣೋದು. ಈ ಸಲ ಐನಾರ್ ನಿಲ್ಲಲಿ. ನಾನು ಸುತ್ತು ಹಾಕ್ಬೇಕು."