ಜಲಜ ಹೇಳದೆ ಹೋದ ಮಾತು

ಜಲಜನಿಗೆ ಹನ್ನೆರಡು ವರ್ಷಕ್ಕೆ ಜ್ವರ ಬಂದು ಎರಡೂ ಕಿವಿ ಹೋದವು. ಆಮೇಲೆ ಎದುರಿದ್ದವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಹಂಗಾರಕಟ್ಟೆಯಿಂದ ಬಾರ್ಕೂರಿನವರೆಗೆ ಐವತ್ತು ವರ್ಷ ಮೀನು ಮಾರಿದಳು. ಒಂದು ಬಂಗುಡೆಗೂ ಯಾರೂ ಅವಳಿಗೆ ಮೋಸ ಮಾಡಲಿಲ್ಲ. ರಸ್ತೆಯಾಚೆ ನಿಂತು ಪಿಸುಗುಟ್ಟಿದರೂ ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೇ ನಮ್ಮ ಕೇರಿಯ ಹೆಂಗಸರು ಗುಟ್ಟು ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು. ತನಗೆ ಕೇಳುವುದು ಬೇಡವಾದರೆ ಜಲಜ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮತ್ತೆ ಯಾರು ಎಷ್ಟು ಹೇಳಿದರೂ ಅಷ್ಟೆ.

ನನ್ನ ಗಂಡ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಹಡಗಿನಲ್ಲಿ, ಹಂಚು ತುಂಬಿಕೊಂಡು ಹೋದವರು ತಿರುಗಿ ಬರಲಿಲ್ಲ. ನಲವತ್ತು ವರ್ಷ ದಾಟಿತು. ಹೊರಟ ಬೆಳಿಗ್ಗೆ ನಮಗೆ ಜಗಳ. ಅವರ ಹೆಗಲ ಮೇಲಿನ ಬೈರಾಸು, ಅಂದರೆ ಟವಲು, ಎಳೆದು ಹರಿದಿದ್ದೆ. "ತಿರ್ಗಿ ಬಪ್ದೇ ಬ್ಯಾಡ" ಎಂದಿದ್ದೆ. ಅವರು ಮಾತಾಡದೆ ಮೆಟ್ಟಿಲಿಳಿದು ಹೋದರು. ಎಂಟು ದಿನದ ಮೇಲೆ ಬಂದರದ ಗಂಡಸರ ತುಟಿ ಕಂಡು ಮಂಜಿ ಮುಳುಗಿದ ಸುದ್ದಿ ಮೊದಲು ತಿಳಿದುಕೊಂಡದ್ದು ಜಲಜ. ಬುಟ್ಟಿ ತಲೆಯಲ್ಲೇ ಇಟ್ಟುಕೊಂಡು ನನ್ನ ಅಂಗಳದಲ್ಲಿ ನಿಂತಳು. ಮೀನಿನ ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಎರಡು ವರ್ಷದ ಹಿಂದೆ ನಮ್ಮ ಕಡೆ ಒಂದು ಮ್ಯೂಸಿಯಂ ಆಯಿತು. ತಿಂಗಳಿಗೊಂದು ಶನಿವಾರ ಪುಕ್ಕಟೆ ಸಿನಿಮಾ, ಊರಿನ ಚರಿತ್ರೆಯ ಮಾತು.

"ಹೋಪ ಅಕ್ಕ, ಫ್ಯಾನ್ ಇತ್ತ್, ಚಾ ಕೊಡ್ತ್ರ್" ಎಂದು ಜಲಜ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಳು.

ಒಂದು ಸಲ ನಮ್ಮ ಬಂದರದ್ದೇ ಹಳೇ ರೀಲು ಹಾಕಿದರು. ಯಾರೋ ಪರದೇಶದವರು ತೆಗೆದದ್ದಂತೆ, ಸದ್ದಿಲ್ಲ. ಜನ ಹಗ್ಗ ಎಳೆಯುತ್ತ ಬಾಯಿ ಆಡಿಸುತ್ತಿದ್ದರು. ಚರಿತ್ರೆ ಹೇಳುವ ಪ್ರವೀಣ್ ಮೇಷ್ಟ್ರು ಬೆಳಕಿಗೆ ಮುಖ ಕೊಟ್ಟು, "ಇದು ಸಮುದ್ರರಾಜನಿಗೆ ಪ್ರಾರ್ಥನೆ" ಎಂದರು.

ಜಲಜ ದೊಡ್ಡಕ್ಕೆ ನಕ್ಕಳು. "ಪ್ರಾರ್ಥನೆ ಅಲ್ಲ ಮಾರಾಯ್ರೆ! ಸಾಹುಕಾರ್ರಿಗೆ ಬೈತಾ ಇದ್ರ್ ಕಾಣಿ. ಅವ್ರ ಅಜ್ಜನ್ನೂ ಬಿಡ್ಲಿಲ್ಲೆ!"

ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, "ಇನ್ನು ನೀವೇ ಹೇಳಿ ಅಮ್ಮ" ಎಂದರು. ಅವಳ ಜೀವನದಲ್ಲಿ ಅಂಥ ಮರ್ಯಾದೆ ಅದೊಂದೇ.

ಆಗ ಪರದೆಯಲ್ಲಿ ನಮ್ಮವರು ಬಂದರು. ಹೆಗಲಲ್ಲಿ ಹರಿದ ಬೈರಾಸು. ಮಂಜಿ ಹತ್ತುವ ಮೊದಲು ನಮ್ಮ ಮನೆಯ ದಿಕ್ಕಿಗೆ ತಿರುಗಿ ಏನೋ ಅಂದರು.

ನಾನು ಎದ್ದು ಮುಂದೆ ಹೋಗಿ ಜಲಜನ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. "ಎಂತ ಹೇಳ್ರೇ ಅವ್ರ್?"

"ಸಮ ಕಾಣ್ತಿಲ್ಲೆ ಅಕ್ಕ."

ಮೇಷ್ಟ್ರು ಮತ್ತೆ ಹಾಕಿದರು, ಮತ್ತೂ ಒಮ್ಮೆ ಹಾಕಿದರು. ಮೂರನೇ ಸಲ ಜಲಜ ಬಾಯಿಗೆ ಸೆರಗು ಅಡ್ಡ ಹಿಡಿದಳು. ಹುಟ್ಟಿದ ಮೇಲೆ ಅವಳು ಹಾಗೆ ಹಿಡಿದದ್ದು ನಾನು ಕಂಡಿರಲಿಲ್ಲ.

"'ಬತ್ತೆ' ಅಂದ್ರ್. ಅಷ್ಟೇ."

ಬರುತ್ತೇನೆ ಎಂದರಂತೆ ಎಂದು ಜನ ಚಪ್ಪಾಳೆ ತಟ್ಟಿದರು. ಇಷ್ಟು ಕಾಲ ಅವಳ ಜೊತೆಗಿದ್ದು ನಾನೂ ಒಂದಿಷ್ಟು ಕಲಿತಿದ್ದೆ. ತುಟಿಗೆ ತುಟಿ ಕೂಡದೆ ಆ ಮಾತಿನ 'ಬ' ಹೊರಡುವುದಿಲ್ಲ. ಮೂರು ಸಲವೂ ಅವರ ತುಟಿ ಕೂಡಿರಲಿಲ್ಲ.

ಅಲ್ಲಿ ಕೇಳಲಿಲ್ಲ. ಮನೆಗೆ ಬಂದೂ ಕೇಳಲು ಧೈರ್ಯ ಬರಲಿಲ್ಲ. ಕಳೆದ ಆಟಿ ತಿಂಗಳ ಮಳೆಯಲ್ಲಿ ಜಲಜ ಹಾಸಿಗೆ ಹಿಡಿದಳು. ಇನ್ನು ತಡವಾಗುತ್ತದೆ ಎಂದು ಮುಖದ ಹತ್ತಿರ ಬಗ್ಗಿ ಕೇಳಿದೆ.

"ನಾನ್ ಹೆದ್ರೂದಿಲ್ಲೆ ಜಲಜ. ಅವತ್ತ್ ಎಂತ ಹೇಳ್ರ್, ನಿಜ ಹೇಳ್."

ನನ್ನ ತುಟಿಯನ್ನು ಕೊನೆಯವರೆಗೂ ನೋಡಿದಳು. ನನ್ನ ಕೈ ಹಿಸುಕಿದಳು. ಮತ್ತೆ ಕಣ್ಣು ಮುಚ್ಚಿಕೊಂಡಳು.

ಮೂರನೇ ದಿನ ಹೋದಳು.

ಮ್ಯೂಸಿಯಂನ ಗೋಡೆಯಲ್ಲಿ ಈಗ ಅವರ ಪಟ ಉಂಟು. ಕೆಳಗೆ "ಬತ್ತೆ ಎಂದು ಹೇಳಿ ಹೊರಟವರು" ಎಂದು ಬರೆಸಿದ್ದಾರೆ. ಓದಿದವರು ಕಣ್ಣೊರಸಿಕೊಳ್ಳುತ್ತಾರೆ. ನಾನು ತಿದ್ದಿಸಲು ಹೋಗಲಿಲ್ಲ. ಏನೆಂದು ತಿದ್ದಿಸಲಿ?