ಸೊನ್ನೆ ಪವರಿನ ಸೋಡಾಬುಡ್ಡಿ

ಕನ್ನಡಕ ಬಿಟ್ಟು ಹತ್ತೊಂಬತ್ತು ವರ್ಷವಾದರೂ ಅವನನ್ನು ಎಲ್ಲರೂ ಸೋಡಾಬುಡ್ಡಿ ಎಂದೇ ಕರೆಯುತ್ತಿದ್ದರು. ಕಣ್ಣಿನಲ್ಲಿದ್ದ ಮೈನಸ್ ಏಳೂವರೆಯನ್ನು ಲೇಸರು ಸವೆಸಿ ಹಾಕಿತು. ಶಾಲೆಯಲ್ಲಿ ಅಂಟಿದ ಹೆಸರನ್ನು ಸವೆಸುವ ಯಂತ್ರವನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಬುಡ್ಡಿ ಕೆಲಸಕ್ಕಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಬಿಸಿಗಾಳಿಗೆ ಹಿಡಿದು ಮೆತ್ತಗಾದ ಕಡ್ಡಿಯನ್ನು ಗಿರಾಕಿಯ ಕಿವಿಗೆ ತಕ್ಕಂತೆ ಬಗ್ಗಿಸುವುದು, ಮೂಗಿನ ಮೇಲೆ ಕೂರುವ ಪುಟ್ಟ ದಿಂಬುಗಳನ್ನು ಸರಿಮಾಡುವುದು, ಸಾಸಿವೆ ಗಾತ್ರದ ಸ್ಕ್ರೂ ಕೆಳಗೆ ಬಿದ್ದರೆ ಅದರ ಹಿಂದೆ ತಾನೂ ನೆಲಕ್ಕೆ ಬೀಳುವುದು ಅವನ ಕೆಲಸ. ಎರಡು ಕಿವಿಯೂ ಒಂದೇ ಎತ್ತರದಲ್ಲಿರುವ ಮನುಷ್ಯನನ್ನು ತಾನು ಈವರೆಗೆ ನೋಡಿಲ್ಲ ಎಂದು ಅವನು ಆಗಾಗ ಹೇಳುತ್ತಿದ್ದ.

ಅವನು ಲೇಸರ್ ಮಾಡಿಸಿಕೊಂಡದ್ದು ಮಗಳ ಕಾಟ ತಾಳಲಾರದೆ. ಎರಡು ವರ್ಷದ ಆ ಕೂಸಿಗೆ ಅಪ್ಪನ ಮುಖದಲ್ಲಿ ಹಿಡಿದು ಎಳೆಯುವುದಕ್ಕೆ ಸಿಗುತ್ತಿದ್ದದ್ದು ಕನ್ನಡಕವೊಂದೇ. ಮೂರನೆಯ ಫ್ರೇಮು ಎರಡು ತುಂಡಾದ ದಿನ ಅವನು ಆಸ್ಪತ್ರೆಗೆ ಹೋದ. ಅಲ್ಲಿ ಮಲಗಿಸಿ, ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ತಂತಿ ಸಿಕ್ಕಿಸಿ, ಕೆಂಪು ಚುಕ್ಕಿಯನ್ನೇ ನೋಡುತ್ತಿರಿ ಎಂದರು. ಕೂದಲು ಸುಟ್ಟಂಥ ವಾಸನೆ ಬಂತು. ಬುಡ್ಡಿ ಹೆದರಿ ಉಸಿರು ಬಿಗಿಹಿಡಿದ.

"ಉಸಿರಾಡಿ," ಎಂದರು ಡಾಕ್ಟರು. "ನಾವು ಶ್ವಾಸಕೋಶಕ್ಕೆ ಕೈ ಹಾಕಿಲ್ಲ."

ಮರುದಿನ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಅವನಿಗೆ ಫ್ಯಾನಿನ ಮೂರೂ ರೆಕ್ಕೆ ಕಂಡವು, ಅವುಗಳ ಮೇಲಿನ ಧೂಳೂ ಕಂಡಿತು. ಅದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. "ಕಣ್ಣು ಬಂತಲ್ಲ, ಇನ್ನು ಏಣಿ ತಗೊಳ್ಳಿ," ಎಂದು ಹೆಂಡತಿ ಒದ್ದೆ ಬಟ್ಟೆಯನ್ನು ಕೈಗಿತ್ತಳು.

ಮೊದಲ ವರ್ಷ ರಸ್ತೆಯ ದೀಪಗಳಿಗೆಲ್ಲ ಕೂದಲು ಬೆಳೆದ ಹಾಗೆ ಕಾಣುತ್ತಿತ್ತು. ಅದು ಕ್ರಮೇಣ ತೆಳುವಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಕಣ್ಣು ಒಣಗುವುದಂತೂ ನಿಲ್ಲಲೇ ಇಲ್ಲ. ಇವತ್ತಿಗೂ ಹನಿಯ ಸೀಸೆ ಅವನ ಜೇಬಿನಲ್ಲಿದೆ. ಇವೆರಡನ್ನೂ ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದರೆ ಲೇಸರಿನ ಮರ್ಯಾದೆ ಹೋಗುತ್ತದೆ, ಅದರ ಜೊತೆ ತನ್ನದೂ ಹೋಗುತ್ತದೆ ಎಂಬುದು ಅವನ ಲೆಕ್ಕ. ಮಿಕ್ಕಂತೆ ಸುಖಕ್ಕೆ ಕೊರತೆಯಿರಲಿಲ್ಲ. ಒಂದು ಬೆರಳು ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಯೋಚನೆ ಹತ್ತಿದಾಗಲೆಲ್ಲ ಅವನ ತೋರುಬೆರಳು ಮೂಗಿನ ಸೇತುವೆಯ ಹತ್ತಿರ ಹೋಗಿ, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ ವಾಪಸಾಗುತ್ತಿತ್ತು.

ಆದರೆ ಅಂಗಡಿಯಲ್ಲಿ ಬೇರೆಯೇ ಕಷ್ಟ ಶುರುವಾಯಿತು. "ನೀವೇ ಕನ್ನಡಕ ಹಾಕಲ್ಲ, ನಮಗೆ ಮಾರ್ತೀರಾ?" ಎಂದು ಗಿರಾಕಿಗಳು ಕೇಳುವರು. ಬುಡ್ಡಿ ಖುಷಿಯಿಂದ ಲೇಸರಿನ ಕಥೆಯನ್ನು ಮೊದಲಿನಿಂದ ಹೇಳುವನು. ಹಾಗೆ ಕೇಳಿದ ಇಬ್ಬರು ಕೈಯಲ್ಲಿದ್ದ ಫ್ರೇಮನ್ನು ಅಲ್ಲೇ ಇಟ್ಟು, ಆಸ್ಪತ್ರೆಯ ವಿಳಾಸ ಬರೆದುಕೊಂಡು ಹೊರಟುಹೋದರು.

ಯಜಮಾನರು ತಲೆಯ ಮೇಲೆ ಕೈ ಹೊತ್ತರು. "ಉಂಡ ಮನೆಯ ಜಂತೆ ಎಣಿಸೋರನ್ನ ನೋಡಿದ್ದೆ ಕಣೋ. ನೀನು ಜಂತೆ ಕಿತ್ತು ಎದುರು ಮನೆಗೆ ಸಾಗಿಸ್ತಿದ್ದೀಯಲ್ಲೋ!"

ಅಂದೇ ಹೊಸ ಕಾನೂನು ಬಂತು. ಪ್ರತಿ ಸೋಮವಾರ ಬುಡ್ಡಿ ಹೊಸ ಮಾದರಿಯ ಒಂದು ಫ್ರೇಮು ಹಾಕಿಕೊಳ್ಳಬೇಕು. ಒಳಗೆ ಪವರಿಲ್ಲದ ಬರೀ ಗಾಜು. ಹೀಗೆ ಅವನ ಮುಖವೇ ಅಂಗಡಿಯ ಶೋಕೇಸು ಆಯಿತು. ಅವನ ಮೂಗು ಯಾವ ಫ್ರೇಮನ್ನೂ ಬೇಡವೆನ್ನದಂಥ ಮೂಗು. ಅವನು ಹಾಕಿದ್ದೇ ಬೇಕೆಂದು ಕೇಳುವ ಗಿರಾಕಿಗಳೂ ಹುಟ್ಟಿಕೊಂಡರು. ಬೆರಳಿಗೆ ಅಂಗಡಿಯಲ್ಲಿ ಮತ್ತೆ ಕೆಲಸ ಸಿಕ್ಕಿತು. ಮನೆಯಲ್ಲಿ ಅದು ನಿರುದ್ಯೋಗಿಯಾಗಿಯೇ ಉಳಿಯಿತು, ಯಾಕೆಂದರೆ ಮನೆಗೆ ಹೊರಡುವಾಗ ಬುಡ್ಡಿ ಫ್ರೇಮನ್ನು ಡ್ರಾಯರಿನಲ್ಲಿಟ್ಟು, ಬರಿಗಣ್ಣಿನ ರಾಜನಾಗಿ ಹೋಗುತ್ತಿದ್ದ. ಮೈನಸ್ ಮೂರರ ಕನ್ನಡಕ ಹಾಕುವ ಹೆಂಡತಿಯನ್ನೂ, ಬೆಳೆಯುತ್ತ ಮೈನಸ್ ಐದಕ್ಕೆ ಬಂದು ನಿಂತ ಮಗಳನ್ನೂ ಕಂಡು, "ಪಾಪ, ಮೂಗಿನ ಮೇಲೆ ಸಂಸಾರ ಹೊತ್ತವರು!" ಎನ್ನುತ್ತಿದ್ದ.

ಮಗಳು ದೊಡ್ಡವಳಾಗಿ ಹಲ್ಲಿನ ಲ್ಯಾಬಿಗೆ ಸೇರಿದಳು. ಕಟ್ಟುವ ಹಲ್ಲುಗಳನ್ನು ತೀಡಿ, ಬಣ್ಣ ಕೊಟ್ಟು, ಪಕ್ಕದ ನಿಜವಾದ ಹಲ್ಲಿಗೆ ಹೊಂದಿಸುವುದು ಅವಳ ಕೆಲಸ. "ಅಪ್ಪನಿಂದ ಕಣ್ಣು, ಮಗಳಿಂದ ಹಲ್ಲು. ಒಬ್ಬರು ಕಿವಿ ಮಿಷಿನ್ ಕಲಿತುಬಿಟ್ಟರೆ ನಾನು ಹೊರಗೇ ಹೋಗಬೇಕಾಗಿಲ್ಲ," ಎನ್ನುತ್ತಿದ್ದರು ಬುಡ್ಡಿಯ ಅತ್ತೆ. ಹಲ್ಲಿನ ಬಣ್ಣ ನೋಡುವಾಗ ಮಗಳು ಕನ್ನಡಕ ತೆಗೆದು ಪಕ್ಕಕ್ಕಿಡುವಳು. ಮೈನಸ್ ಕಣ್ಣಿನ ಗುಣವೇ ಹಾಗೆ: ದೂರವನ್ನು ಕಿತ್ತುಕೊಂಡರೂ ಹತ್ತಿರವನ್ನು ಉಳಿಸಿಕೊಟ್ಟಿರುತ್ತದೆ. ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದ ಹಲ್ಲಿನ ಕೂದಲೆಳೆಯಂಥ ಗೆರೆಯೂ ಅವಳ ಬರಿಗಣ್ಣಿಗೆ ಸಲೀಸಾಗಿ ಕಾಣುತ್ತಿತ್ತು.

ಬುಡ್ಡಿಗೆ ನಲವತ್ತೈದು ತುಂಬಿದ ಮೇಲೆ ಅಂಗಡಿಯ ಸ್ಕ್ರೂಗಳು ಒಂದೊಂದಾಗಿ ಚಿಕ್ಕವಾಗತೊಡಗಿದವು. ಔಷಧಿಯ ಪಟ್ಟಿಯ ಮೇಲಿನ ಅಕ್ಷರಗಳೂ ಮಸುಕಾದವು. "ಈ ಕಂಪನಿಗಳಿಗೆ ಶಾಯಿಗೂ ಬಡತನ," ಎಂದು ಅವನು ಬೈದ. ತನ್ನ ಕಣ್ಣಿನ ಮೇಲೆ ಅವನಿಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹತ್ತಿರದ ದೃಷ್ಟಿ ನೋಡಲು ಅಂಗಡಿಯಲ್ಲೊಂದು ಓದುವ ಕಾರ್ಡಿತ್ತು. ಬೆಕ್ಕಿನ ಕಥೆ, ಸಾಲಿನಿಂದ ಸಾಲಿಗೆ ಅಕ್ಷರ ಸಣ್ಣದಾಗುತ್ತ ಹೋಗುವಂಥದ್ದು. ಸಂಶಯ ಬರುವ ಮೊದಲೇ ಬುಡ್ಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿದ್ದ. ಪ್ರತಿ ಸಲವೂ ಕೊನೆಯ ಸಾಲಿನ ತನಕ ಎಲ್ಲೂ ತಡವರಿಸದೆ ಓದುತ್ತಿದ್ದ.

ಒಂದು ದಿನ ಮುದ್ರಣಾಲಯದಿಂದ ಹೊಸ ಕಾರ್ಡುಗಳು ಬಂದವು. ಯಜಮಾನರು ಒಂದನ್ನು ಅವನ ಕೈಗೆ ಕೊಟ್ಟು, "ಕೊನೇ ಸಾಲು ಸರಿಯಾಗಿ ಅಚ್ಚಾಗಿದೆಯಾ ನೋಡು," ಎಂದರು.

ಬುಡ್ಡಿ ಕಾರ್ಡನ್ನು ನೋಡಿ ಗಂಭೀರವಾಗಿ ಓದಿದ: "ಬೆಕ್ಕು ಹಾಲು ಕುಡಿದು ಕಿಟಕಿಯ ಮೇಲೆ ಮಲಗಿತು. ಅಚ್ಚು ಚೆನ್ನಾಗಿದೆ."

ಯಜಮಾನರು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು ನೋಡಿದರು. ಅವನ ಮುಖ ನೋಡಿದರು. ಮತ್ತೆ ಕಾರ್ಡು ನೋಡಿದರು.

"ಇದು ಹಡಗಿನ ಕಥೆ. ನಿನ್ನ ಬೆಕ್ಕು ಯಾವ ಬಂದರಿನಲ್ಲಿ ಹತ್ತಿತೋ?"

ಅಷ್ಟು ವರ್ಷ ಬುಡ್ಡಿ ಓದಿದ್ದು ಕಣ್ಣಿನಿಂದಲ್ಲ, ಗಿಣಿಪಾಠದಿಂದ.

"ಚಾಳೀಸು ಬಂದಿದೆ ನಿಂಗೆ," ಎಂದರು ಯಜಮಾನರು.

"ಲೇಸರ್ ಆದ ಕಣ್ಣಿಗೆ ಅದೆಲ್ಲ ಬರಲ್ಲ ಯಜಮಾನ್ರೇ."

"ಲೇಸರ್ ಸವೆಸಿದ್ದು ಮುಂದಿನ ಪದರಾನ. ಬಿಗಿಯಾಗೋದು ಒಳಗಿನ ಮಸೂರ. ದಿನಾ ಗಿರಾಕಿಗಳಿಗೆ ಇದನ್ನೇ ಹೇಳ್ತೀಯಲ್ಲೋ, ಒಂದು ಸಲ ನೀನೂ ಕೇಳಿಸ್ಕೋಬಾರದಾ?"

ವಿಷಯ ನಿಜ. ಹಳೆಯ ಮೈನಸ್ ಏಳೂವರೆ ಇದ್ದಿದ್ದರೆ ಅವನೂ ಹೆಂಡತಿಯಂತೆ ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣಿನಲ್ಲಿ ಔಷಧಿಯ ಹೆಸರು ಓದಬಹುದಿತ್ತು. ಲೇಸರು ಅವನನ್ನು ಎಲ್ಲರಂತೆ ಮಾಡಿತ್ತು. ಎಲ್ಲರಿಗೂ ಬರುವ ಚಾಳೀಸು ಅವನಿಗೂ ಬಂದಿತ್ತು, ಅಷ್ಟೇ. ಆದರೆ ಹದಿನೆಂಟು ವರ್ಷ ಕೊಚ್ಚಿಕೊಂಡವನು ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಹೇಳುವುದು? ದಾರಿಯನ್ನು ಯಜಮಾನರೇ ತೋರಿಸಿದರು. ಹೇಗೂ ಮುಖದ ಮೇಲೆ ಫ್ರೇಮಿದೆ. ಒಳಗೆ ಬರೀ ಗಾಜಿನ ಬದಲು ಪ್ಲಸ್ ಒಂದೂವರೆ ಕೂರಿಸಿದರೆ ಯಾರಿಗೆ ಗೊತ್ತಾಗುತ್ತದೆ? ದೂರ ನೋಡುವಾಗ ಮೂಗಿನ ತುದಿಗೆ ಜಾರಿಸಿ ಮೇಲಿಂದ ನೋಡಿದರಾಯಿತು. ಅಂದಿನಿಂದ ಸ್ಕ್ರೂಗಳು ಮತ್ತೆ ದೊಡ್ಡವಾದವು. ಯಾರಾದರೂ ಗಿರಾಕಿ ಅವನ ಮುಖದ ಮೇಲಿನ ಫ್ರೇಮನ್ನೇ ಕೇಳಿದರೆ, ಒಳಗಿನಿಂದ ಅಂಥದ್ದೇ ಇನ್ನೊಂದನ್ನು ತಂದುಕೊಡುತ್ತಿದ್ದ.

ಹೀಗೆ ಒಂದು ವರ್ಷ ಕಳೆಯುವ ಹೊತ್ತಿಗೆ ಮಗಳಿಗೆ ಲೇಸರಿನ ಆಸೆ ಹುಟ್ಟಿತು. ಆಸ್ಪತ್ರೆಯವರು ಕಣ್ಣು ಅಳೆದು, ಆಗಬಹುದು ಎಂದು ಶುಕ್ರವಾರದ ದಿನ ಕೊಟ್ಟರು. ಒಂದು ಸಂಜೆ ಅವಳು ಅಪ್ಪನ ಎದುರು ಕುರ್ಚಿ ಎಳೆದು ಕೂತಳು.

"ಅಪ್ಪ, ಆಸ್ಪತ್ರೆಯವರು ಕೊಟ್ಟ ಹಾಳೆಗಳನ್ನ ಓದಿ ತಲೆ ಕೆಟ್ಟುಹೋಯ್ತು. ನೀನು ಅನುಭವಸ್ಥ, ಒಂದೇ ಮಾತು ಹೇಳು. ಮುಂದೆ ಯಾವತ್ತಾದರೂ ಮತ್ತೆ ಕನ್ನಡಕ ಬೇಕಾಗುತ್ತಾ?"

ಬೆರಳು ಮೂಗಿನ ಹತ್ತಿರ ಹೋಗಿ ಬಂತು.

"ನನ್ನನ್ನೇ ನೋಡು ಪುಟ್ಟಿ," ಎಂದ ಬುಡ್ಡಿ. "ಬೇಕಾಗಲ್ಲ."

"ಹಂಗಿದ್ರೆ ಸರಿ. ನಿನ್ನ ಮಾತಿನ ಮೇಲೆ ಮಲಗ್ತೀನಿ."

ಅವನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೇಳಿಬಿಡಬೇಕು ಎಂದು ಬೆಳಗ್ಗೆ ನಿರ್ಧರಿಸಿದ. ತಿಂಡಿಯ ಹೊತ್ತಿಗೆ, ಸಂಜೆ ಹೇಳೋಣ ಎಂದುಕೊಂಡ. ಸಂಜೆ ಹೆಂಡತಿ ಎದುರಿಗಿದ್ದಳು. ಹೀಗೆ ಶುಕ್ರವಾರ ಹತ್ತಿರ ಬಂತು.

ಬುಧವಾರ ಮಗಳು ಅಂಗಡಿಗೇ ಬಂದಳು. ಆಪರೇಷನ್ನಿನ ಮೇಲೆ ಬಿಸಿಲಿಗೆ ಹಾಕಿಕೊಳ್ಳಲು ಕಪ್ಪು ಕನ್ನಡಕ ಬೇಕಿತ್ತು. ನಾಲ್ಕಾರು ಹಾಕಿ ನೋಡಿದಳು, ಯಾವುದೂ ಹಿಡಿಸಲಿಲ್ಲ.

"ನೀನು ಹಾಕಿದೀಯಲ್ಲ ಅಪ್ಪ, ಆ ಆಕಾರ ಚೆನ್ನಾಗಿದೆ. ಕೊಡು, ನನಗೆ ಒಪ್ಪುತ್ತಾ ನೋಡ್ತೀನಿ. ಆಮೇಲೆ ಕಪ್ಪು ಗಾಜು ಹಾಕಿಸಿದರಾಯ್ತು."

ಕೌಂಟರಿನಲ್ಲಿದ್ದ ಯಜಮಾನರು ಕೆಮ್ಮಿದರು. ಬುಡ್ಡಿ ಹೆದರಲಿಲ್ಲ. ತನ್ನ ಕನ್ನಡಕ ತೆಗೆದಿಟ್ಟ ಮೈನಸ್ ಐದರ ಕಣ್ಣಿಗೆ ಅಂಗಡಿಯೇ ಒಂದು ಮಂಜಿನ ಗುಡ್ಡ. ಅದಕ್ಕೆ ಒಂದೂವರೆ ಪ್ಲಸ್ ಸೇರಿದರೆ ಮಂಜಿಗೆ ಇನ್ನೊಂದಿಷ್ಟು ಮಂಜು, ಅವಳಿಗೇನು ಗೊತ್ತಾಗುತ್ತದೆ ಎಂಬ ಧೈರ್ಯ. ಧಾರಾಳವಾಗಿ ತೆಗೆದುಕೊಟ್ಟ.

ಅವನು ಮರೆತದ್ದು ಒಂದನ್ನು. ಪವರ್ ಹೆಚ್ಚಿದ್ದವರು ಫ್ರೇಮು ನೋಡುವುದೇ ಕನ್ನಡಿಗೆ ಮುಖ ಒಡ್ಡಿ. ಅದರಲ್ಲೂ ಇವಳು ದಿನವಿಡೀ ಬರಿಗಣ್ಣಿನಲ್ಲಿ ಹಲ್ಲು ನೋಡುವವಳು. ತನ್ನ ಕಣ್ಣಿಗೆ ಎಷ್ಟು ದೂರದಲ್ಲಿ ತಿಳಿಯಾಗುತ್ತದೆ ಎಂಬುದು ಅವಳ ಮೈಗೆ ಗೊತ್ತು. ಅವಳು ಕನ್ನಡಿಯ ಮುಂದೆ ಎಂದಿನ ಜಾಗದಲ್ಲಿ ನಿಂತಳು. ಮುಖ ತಿಳಿಯಾಗಲಿಲ್ಲ. ಇನ್ನೂ ಮುಂದೆ ಬಾಗಿದಳು. ಮೂಗು ಗಾಜಿಗೆ ತಾಗಿತು.

"ಅಪ್ಪ, ಇದರಲ್ಲಿ ಪವರ್ ಇದೆ."

"ಇಲ್ಲಮ್ಮ, ಶೋಕೇಸಿಂದು. ಬೆರಳಿನ ಗುರುತಿರಬೇಕು, ಒರೆಸಿಕೊಡ್ತೀನಿ ತಾ."

ಅವಳು ಕೊಡಲಿಲ್ಲ. ತನ್ನ ಕನ್ನಡಕ ಹಾಕಿಕೊಂಡು, ಅಪ್ಪನದನ್ನು ಕೈ ಚಾಚಿ ಹಿಡಿದು, ಅದರ ಮೂಲಕ ಗೋಡೆಯ ಗಡಿಯಾರ ನೋಡಿದಳು. ಇದು ಅವಳು ಚಿಕ್ಕವಳಿದ್ದಾಗ ಬುಡ್ಡಿಯೇ ಕಲಿಸಿದ ಆಟ. ಗಾಜನ್ನು ಅತ್ತಿತ್ತ ಅಲ್ಲಾಡಿಸಬೇಕು. ಆಚೆಗಿನ ಚಿತ್ರ ಗಾಜು ಹೋದ ಕಡೆಗೇ ಹೋದರೆ ಮೈನಸ್ಸು, ಎದುರು ದಿಕ್ಕಿಗೆ ಹೋದರೆ ಪ್ಲಸ್ಸು, ಕದಲದಿದ್ದರೆ ಪವರಿಲ್ಲ. 'ಮೈನಸ್ಸು ವಿಧೇಯ, ಪ್ಲಸ್ಸು ಹಠಮಾರಿ, ಸೊನ್ನೆ ಸೋಮಾರಿ' ಎಂದು ಇಬ್ಬರೂ ಹಾಡಿಕೊಳ್ಳುತ್ತಿದ್ದರು.

ಅವಳು ಗಾಜನ್ನು ಎಡಕ್ಕೆ ಸರಿಸಿದಳು. ಗಡಿಯಾರ ಬಲಕ್ಕೆ ಓಡಿತು.

"ಹಠಮಾರಿ," ಎಂದಳು.

ಯಜಮಾನರಿಗೆ ಇದ್ದಕ್ಕಿದ್ದಂತೆ ಒಳಗಿನ ಕೋಣೆಯಲ್ಲಿ ಕೆಲಸ ನೆನಪಾಯಿತು.

"ಯಾವಾಗಿಂದ ಅಪ್ಪ?"

"ಹೋದ ವರ್ಷದಿಂದ."

"ಅಂದ್ರೆ ಮೊನ್ನೆ ನಾನು ಕೇಳಿದಾಗ ಗೊತ್ತಿತ್ತು."

ಬುಡ್ಡಿ ನೆಲ ನೋಡಿದ. ಬಿದ್ದ ಸ್ಕ್ರೂ ಹುಡುಕುವ ನೆಪವೂ ಅವತ್ತು ಅವನಿಗೆ ಸಿಗಲಿಲ್ಲ.

"ನಾಡಿದ್ದು ಅಲ್ಲಿ ಮಲಗೋಳು ನಾನು. ಹಾಳೆ ಓದೋದು ಬಿಟ್ಟು ನಿನ್ನ ಕೇಳಿದ್ದೆ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಆಗ ಬುಡ್ಡಿ ಗಿರಾಕಿಗಳ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾನು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ದೀಪಗಳ ಕೂದಲು, ಒಣಗುವ ಕಣ್ಣು, ಜೇಬಿನ ಸೀಸೆ, ಬೆಕ್ಕು ಮತ್ತು ಹಡಗು. ಲೇಸರಿನ ನಂತರ ಅವಳ ಗೇಣುದೂರದ ದೃಷ್ಟಿಗೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ: ಈಗ ಆ ದೂರ ಅವಳ ಕಣ್ಣಿಗೆ ವಿಶ್ರಾಂತಿಯ ಜಾಗ. ಆಮೇಲೆ ಅಲ್ಲಿ ನೋಡಬೇಕಾದರೆ ಕಣ್ಣು ದುಡಿಯಬೇಕು. ವಯಸ್ಸಿರುವ ತನಕ ದುಡಿಯುತ್ತದೆ, ನಲವತ್ತರ ಆಚೆ ಕೈಯೆತ್ತುತ್ತದೆ.

"ಇಷ್ಟೆಲ್ಲ ಆದಮೇಲೂ, ನಾಳೆ ಮತ್ತೆ ಕೇಳಿದರೂ ನಾನು ಮಾಡಿಸ್ಕೊಳ್ತೀನಿ ಪುಟ್ಟಿ. ಇದೂ ಸುಳ್ಳಲ್ಲ. ನನ್ನ ಮೈನಸ್ ಏಳೂವರೆ ಏನಂತ ನಿನಗೆ ಗೊತ್ತಿಲ್ಲ. ಸ್ನಾನಕ್ಕೆ ಹೋದರೆ ಸೋಪು ಹುಡುಕೋಕೇ ಅರ್ಧ ನೀರು ಮುಗೀತಿತ್ತು."

ಅವಳಿಗೆ ನಗು ಬಂತು. ಆದರೂ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸಿದಳು.

ಬುಡ್ಡಿಯೇ ಒಂದು ಉಪಾಯ ಹೇಳಿದ: ಕೆಲವು ದಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡಿ ನೋಡು, ಆಪರೇಷನ್ ಆದ ಕಣ್ಣು ಸುಮಾರಾಗಿ ಹಾಗೇ ಇರುತ್ತದೆ. ಅವಳು ಹಾಗೇ ಮಾಡಿದಳು. ಕೆಲಸವೇನೂ ಕೆಡಲಿಲ್ಲ, ಆದರೆ ಸಂಜೆಗೆ ಕಣ್ಣು ಸೋಲತೊಡಗಿತು. ಒಂದು ದಿನ ಊಟದ ಮೇಜಿನಲ್ಲಿ ತೀರ್ಪು ಬಂತು.

"ಸದ್ಯಕ್ಕೆ ಲೇಸರ್ ಬೇಡ. ನನ್ನ ಕಣ್ಣೇ ನನ್ನ ಭೂತಗನ್ನಡಿ. ಅದನ್ನ ಸುಟ್ಟುಕೊಂಡು ಆಮೇಲೆ ಅಂಗಡೀಲಿ ಭೂತಗನ್ನಡಿ ಕೊಳ್ಳೋದ್ಯಾಕೆ?"

ಬುಡ್ಡಿಗೆ ಲೇಸರಿನ ಪರವಾಗಿ ಬೇಸರವಾಯಿತು. "ಹಾಗಂತ ಪೂರ್ತಿ ತಳ್ಳಿಹಾಕಬೇಡ. ಮಳೇಲಿ ನಡೆಯೋದು, ಈಜೋದು, ಎದ್ದ ತಕ್ಷಣ ಗಡಿಯಾರ ಕಾಣೋದು..."

"ನಿನಗೆ ಸರಿ ಅಪ್ಪ. ನೀನು ಹಲ್ಲು ಮಾಡಲ್ಲ."

"ಹಲ್ಲಿನ ಮಾತು ಬಂತು," ಎಂದಳು ಹೆಂಡತಿ. "ಇವರ ಗುಟ್ಟು ನನಗೆ ಯಾವತ್ತೋ ಗೊತ್ತು. ನನ್ನ ಕಾಲುನೋವಿನ ಮುಲಾಮಿನಲ್ಲಿ ಹಲ್ಲುಜ್ಜಿ, ಹೊಸ ಪೇಸ್ಟು ಸ್ವಲ್ಪ ಖಾರ ಅಂದರಲ್ಲ, ಅವತ್ತೇ."

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ಆಮೇಲೆ ಒಂದು ವಾರ ಹಲ್ಲುನೋವು ಅನ್ನಲಿಲ್ಲ ನೀವು. ಒಳ್ಳೇದೇ ಆಯ್ತಲ್ಲ ಅಂತ ಸುಮ್ಮನಾದೆ."

ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹೆಂಡತಿ ಮಾತ್ರೆಯ ಪಟ್ಟಿಯನ್ನು ಅವನ ಮುಂದಿಟ್ಟು, "ಊಟಕ್ಕೆ ಮುಂಚೆಯೋ ಆಮೇಲೋ ಓದಿ ಹೇಳಿ," ಎಂದಳು. ತಾನೇ ಕನ್ನಡಕ ಹಣೆಗೇರಿಸಿ ಓದಬಹುದಿತ್ತು. ಮಗಳೂ ಓದಬಹುದಿತ್ತು. ಇಬ್ಬರೂ ಕೈಕಟ್ಟಿ ಕಾದರು.

ಬುಡ್ಡಿ ಎದ್ದುಹೋಗಿ, ಈಚೆಗೆ ಡ್ರಾಯರಿನ ಬದಲು ಚೀಲ ಸೇರುತ್ತಿದ್ದ ಕನ್ನಡಕವನ್ನು ತಂದು, ಆ ಮನೆಯ ದೀಪದ ಕೆಳಗೆ ಮೊದಲ ಸಲ ಅದನ್ನು ಹಾಕಿಕೊಂಡ. ಪಟ್ಟಿಯನ್ನು ತಿರುಗಿಸಿ, ಸಾಲು ಹುಡುಕಿ, ಸ್ವಲ್ಪ ಯೋಚಿಸಿದ. ಬೆರಳು ತನ್ನ ಪಾಡಿಗೆ ತಾನು ಮೂಗಿನ ಕಡೆಗೆ ಹೊರಟಿತು. ಅಲ್ಲಿ ಏನೂ ಇರುವುದಿಲ್ಲವೆಂಬ ರೂಢಿಯಲ್ಲೇ ಹೋಗಿ, ಫ್ರೇಮಿಗೆ ಠಕ್ಕನೆ ಬಡಿದು ನಿಂತಿತು.

"ಊಟ ಆದಮೇಲೆ," ಎಂದು ಅವನು ಓದಿದ.