ಲೇಬಲ್ ಇದೆ, ವಿಷಯ ಇಲ್ಲ

ನನಗೆ ಗಾಬರಿಯಾಗಲು ಕಾರಣ ಬೇಕಾಗಿಲ್ಲ. ಮೊದಲು ಗಾಬರಿ ಬಂದು ಕೂರುತ್ತದೆ, ಕಾರಣ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟು ದಾಟಿ, ತಿರುಗಿ ಬಂದು ಮತ್ತೆ ಎಳೆದು ನೋಡುವ ಜಾತಿ ನನ್ನದು. ಹೀಗೆ ಎಳೆದೆಳೆದು ಒಂದು ದಿನ ಚಿಲಕದ ಕೊಂಡಿಯೇ ಕಿತ್ತು ಕೈಗೆ ಬಂತು. ಕಳ್ಳನ ಕೆಲಸವನ್ನು ನಾನೇ ಮಾಡಿಕೊಟ್ಟ ಹಾಗಾಯಿತಲ್ಲ ಎಂದು ಅಂದು ಹೊರಗೆ ಹೋಗುವುದನ್ನೇ ಬಿಟ್ಟು ಬಾಗಿಲ ಬಳಿ ಕುಳಿತಿದ್ದೆ.

ಇಂಥವಳು ಹಿಡಿದದ್ದು ಮದುಮಗಳನ್ನು ಸಿಂಗರಿಸುವ ಕೆಲಸ. ತೊಂಬತ್ತೇಳರಲ್ಲಿ ಕುಂದಾಪುರದಲ್ಲಿ ಒಂದು ಕೋಣೆ ಹಿಡಿದು ಪಾರ್ಲರ್ ಶುರು ಮಾಡಿದಾಗ ಸಿಂಗಾರವೆಂದರೆ ಜಡೆ ಹೆಣೆದು, ಹೂವು ಮುಡಿಸಿ, ಮುಖಕ್ಕೆ ಎರಡು ಬಗೆಯ ಪೌಡರ್ ಬಳಿಯುವುದು ಅಷ್ಟೇ. ತಲೆಯಲ್ಲಿ ನೆನಪಿಟ್ಟುಕೊಂಡರೆ ಸಾಕಾಗುತ್ತಿತ್ತು. ಆಮೇಲೆ ಕಾಲ ಬದಲಾಯಿತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಕರೆ ಬರತೊಡಗಿತು. ಈ ಹುಡುಗಿಗೆ ಈ ಕ್ರೀಮು ಹಚ್ಚಿದರೆ ತುರಿಕೆ, ಆ ಹುಡುಗಿಗೆ ಕಿವಿಯ ತೂತು ದೊಡ್ಡದು, ಇವಳ ಸೀರೆ ಮೂರು, ಅವಳ ಮುಹೂರ್ತ ಬೆಳಗಿನ ಜಾವಕ್ಕೆ. ಒಬ್ಬಳದ್ದು ಇನ್ನೊಬ್ಬಳಿಗೆ ಅದಲುಬದಲಾದರೆ? ಮದುವೆ ಋತುವಿನಲ್ಲಿ ನಾನು ಉಣ್ಣುತ್ತಿದ್ದದ್ದು ಅನ್ನವನ್ನಲ್ಲ, ಈ ‘ಆದರೆ’ಯನ್ನು.

ಅದರ ಮೇಲೆ ಇನ್ನೊಂದು ಹೆದರಿಕೆ. ಕುಂಭಾಶಿಯಲ್ಲಿದ್ದ ನನ್ನ ಅಮ್ಮ ಕೊನೆಗಾಲದಲ್ಲಿ ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಊಟ ಮಾಡಿದ ಕೈ ಒಣಗುವ ಮೊದಲೇ ಊಟ ಯಾವಾಗ ಎಂದು ಕೇಳುತ್ತಿದ್ದಳು. ಹಾಗಾಗಿ ನನಗೆ ಒಂದು ಹೆಸರು ತಕ್ಷಣ ನಾಲಿಗೆಗೆ ಬರದಿದ್ದರೆ ಸಾಕು, ಅಮ್ಮನ ದಾರಿಗೆ ಕಾಲಿಟ್ಟೆನೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಆಗ ಸ್ಮಾರ್ಟ್ ಫೋನು ಬಂತು. ಅದರಲ್ಲಿ ಟಿಪ್ಪಣಿ ಬರೆದಿಡುವ ಒಂದು ಆ್ಯಪ್ ಇತ್ತು. ಮುಳುಗುವವಳಿಗೆ ದೋಣಿ ಸಿಕ್ಕ ಹಾಗಾಯಿತು. ಬಸ್ಸಿನಲ್ಲಿ ಬರೆದೆ, ಅಡಿಗೆಮನೆಯಲ್ಲಿ ಬರೆದೆ, ಮದುಮಗಳ ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಇನ್ನೊಂದಕ್ಕೆ ಹಚ್ಚುವ ಮೊದಲೂ ಬರೆದೆ. ಪರದೆಯ ತುಂಬ ಬಣ್ಣಬಣ್ಣದ ಚೀಟಿಗಳು. ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತಿತ್ತು.

ನನ್ನ ಗಂಡನಿಗೆ ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ. ಆಣಿ, ತಿರುಪು, ವಾಷರ್ ಎಲ್ಲಕ್ಕೂ ಬೇರೆಬೇರೆ ಡಬ್ಬಿ, ಪ್ರತಿ ಡಬ್ಬಿಗೂ ಚೀಟಿ. ನನ್ನ ಫೋನನ್ನು ಒಮ್ಮೆ ನೋಡಿ ಅವರಿಗೆ ಮೈಯೆಲ್ಲ ಮುಳ್ಳಾಯಿತು. “ಡಬ್ಬಿಗ್ ಹೆಸ್ರ್ ಇಲ್ದಿದ್ರೆ ಅದ್ರೊಳ್ಗ್ ಇಪ್ದ್ ಕಸ ಅಂದೇ ಲೆಕ್ಕ” ಎಂದು ಒಂದು ಭಾನುವಾರ ಚಕ್ಕಳಮಕ್ಕಳ ಹಾಕಿ ಕುಳಿತರು. ಸಂಜೆಯ ಹೊತ್ತಿಗೆ ನನ್ನ ಚೀಟಿಗಳಿಗೆಲ್ಲ ಲೇಬಲ್ ಬಿದ್ದಿತ್ತು: ‘ಮುಹೂರ್ತ’, ‘ಆಭರಣ’, ‘ಚರ್ಮ’, ‘ಮುಖ್ಯ’. ಅವರ ಕಣ್ಣಿಗೆ ಮುಗಿದ ಕೆಲಸ ಎಂದು ಕಂಡದ್ದನ್ನೆಲ್ಲ ಆರ್ಕೈವ್ ಮಾಡಿದ್ದರು. ಚೀಟಿಗಳು ಕಾಣದೆ ಹೋದದ್ದನ್ನು ನೋಡಿ ನಾನು ಅಳುವುದೊಂದು ಬಾಕಿ. ಅಳಿಸಿದ್ದಲ್ಲ, ಎತ್ತಿಟ್ಟದ್ದು ಎಂದು ಅವರು ಮತ್ತೆ ಮತ್ತೆ ತೆರೆದು ತೋರಿಸಿದರು.

ಯೋಚಿಸಿದರೆ ಇದು ನಮಗೆ ಹೊಸದೇನಲ್ಲ. ನಮ್ಮ ಹಳೆಯ ಮನೆಗಳ ಅಟ್ಟ ಇನ್ನೇನು? ಬೇಕು ಎನ್ನುವ ಹಾಗಿಲ್ಲ, ಬೇಡ ಎನ್ನುವ ಧೈರ್ಯವಿಲ್ಲ; ಅಂಥದ್ದೆಲ್ಲ ಏಣಿ ಹತ್ತಿ ಮೇಲೆ ಹೋಗುತ್ತಿತ್ತು. ಮುರಿದ ತೊಟ್ಟಿಲು, ಒಡೆದ ಭರಣಿ, ಅಜ್ಜಿಯ ಒನಕೆ. ವ್ಯತ್ಯಾಸ ಇಷ್ಟೇ, ಅಟ್ಟದಲ್ಲಿ ಏನಿದೆಯೆಂದು ಮನೆಯ ಇಲಿಗಾದರೂ ಗೊತ್ತಿರುತ್ತಿತ್ತು.

ಆ ವರ್ಷ ಉಪ್ಪುಂದದ ಗಿರಿಜಕ್ಕನ ಮಗಳು ಪ್ರತಿಮಾಳ ಮದುವೆಯ ಕೆಲಸ ಒಪ್ಪಿಕೊಂಡಿದ್ದೆ. ಗಿರಿಜಕ್ಕನದು ಒಣಮೀನಿನ ವ್ಯಾಪಾರ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಮಗಳನ್ನು ಓದಿಸಿದವಳು. ಗಂಡು ಬೀಜಾಡಿಯವನು, ಹೆಸರು ಹರೀಶ. ಮೀನಿನ ಲಾರಿ ಇಟ್ಟುಕೊಂಡಿದ್ದ. ಮದುವೆ ಭಾನುವಾರ. ಅದರ ಹಿಂದಿನ ಬುಧವಾರ ಬೆಳಿಗ್ಗೆ ನಾನು ಶಿಸ್ತಿನಿಂದ ‘ಮುಖ್ಯ’ ಎಂಬ ಲೇಬಲ್ ಒತ್ತಿದೆ. ಒಂದು ಕೆಂಪು ಚೀಟಿ ಎದ್ದು ಬಂತು. “ಗಿರಿಜಕ್ಕನಿಗೆ ಮದುವೆಗೆ ಮೊದಲು ಹೇಳಲೇಬೇಕು. ಫೋನಿನಲ್ಲಿ ಬೇಡ.”

ಅಷ್ಟೇ. ಏನು ಹೇಳಬೇಕು ಎನ್ನುವುದು ಇಲ್ಲ.

ಬರೆದದ್ದು ನಾನೇ. ಮುಖ್ಯ ಎಂದು ನನಗೇ ಅನಿಸಿ ಕೆಂಪು ಬಣ್ಣ ಕೊಟ್ಟವಳೂ ನಾನೇ. ಫೋನಿನಲ್ಲಿ ಹೇಳಬಾರದಂಥದ್ದು ಎಂದರೆ ಎಂಥದ್ದು? ಸಿಂಗಾರ ಮಾಡುವವಳ ಎದುರು ಹೆಂಗಸರು ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಕಣ್ಣು ಮುಚ್ಚಿದವರ ಬಾಯಿ ತೆರೆದುಕೊಳ್ಳುತ್ತದೆ. ಪಾರ್ಲರಿನ ಕುರ್ಚಿಯಲ್ಲಿ ಯಾರಾದರೂ ಹರೀಶನ ಬಗ್ಗೆ ಏನಾದರೂ ಹೇಳಿದ್ದರೇ? ಅವನಿಗೆ ಕುಡಿತವೇ? ಬೇರೆ ಎಲ್ಲೋ ಸಂಬಂಧವೇ? ಒಂದು ಹೆಣ್ಣಿನ ಬಾಳು ನನ್ನ ತಲೆಯ ಯಾವುದೋ ಡಬ್ಬಿಯೊಳಗೆ ಸಿಕ್ಕಿಬಿದ್ದಿದೆ, ಡಬ್ಬಿಯ ಮೇಲೆ ಹೆಸರಿದೆ, ಒಳಗೆ ಖಾಲಿ. ಎಲ್ಲ ಲೇಬಲ್‌ಗಳನ್ನೂ ಹುಡುಕಿದೆ. ಆರ್ಕೈವ್‌ನಲ್ಲಿ ಮದುವೆಯಾಗಿ ಮಕ್ಕಳಾದವರ ಚೀಟಿಗಳೆಲ್ಲ ಸಿಕ್ಕವು. ಗಂಡನನ್ನು ಕೇಳಿದರೆ, ನಾನು ಓದಿದ್ದಲ್ಲ, ವಿಂಗಡಿಸಿದ್ದು ಎಂದರು.

ಗುರುವಾರ ತಡೆಯಲಾರದೆ ಬೈಂದೂರು ಬಸ್ಸು ಹತ್ತಿದೆ. ಮುಖ ನೋಡಿದರೆ ನೆನಪಾಗಬಹುದು ಎಂಬ ಒಂದು ಆಸೆ. ರಸ್ತೆ ಅಗಲ ಮಾಡಲೆಂದು ಅಗೆದು ಹಾಕಿದ್ದ ಕಾಲ ಅದು. ಬಸ್ಸು ಕುಲುಕಿದ ಹಾಗೆಲ್ಲ ತಲೆಯೊಳಗಿನದ್ದು ಜಾರಿ ಕೆಳಗೆ ಬಿದ್ದೀತೇ ಎಂದು ಕಾದೆ. ಮರವಂತೆ ದಾಟಿತು, ಏನೂ ಬೀಳಲಿಲ್ಲ.

ಗಿರಿಜಕ್ಕ ಅಂಗಳದಲ್ಲಿ ಚಪ್ಪರದವರ ಜೊತೆ ಮಾತಾಡುತ್ತಿದ್ದಳು. ನನ್ನನ್ನು ಕಂಡವಳೇ ಒಳಗೆ ಕರೆದು ಕೂರಿಸಿದಳು. ಅವಳ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಏನೂ ನೆನಪಾಗಲಿಲ್ಲ. ಕೊನೆಗೆ, ನಿಮ್ಮ ಹತ್ತಿರ ಒಂದು ಮುಖ್ಯವಾದ ವಿಷಯ ಹೇಳುವುದಿತ್ತು, ಫೋನಿನಲ್ಲಿ ಹೇಳುವಂಥದ್ದಲ್ಲ ಎಂದು ಶುರು ಮಾಡಿದೆ. ಅದೇನೆಂದು ಮರೆತುಹೋಗಿದೆ ಎಂದು ಸೇರಿಸುವುದರೊಳಗೆ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಎದ್ದು ಬಾಗಿಲು ಮುಂದೆ ಮಾಡಿದಳು.

“ನಿಮ್ಗ್ ಯಾವಾಗ ಕಂಡದ್?” ಎಂದು ಮೆಲ್ಲಗೆ ಕೇಳಿದಳು.

ನಾನು ಸುಮ್ಮನೆ ಕುಳಿತೆ. ಗೊತ್ತಿಲ್ಲದವಳ ಮೌನವೂ ಗೊತ್ತಿದ್ದವಳ ಮೌನವೂ ನೋಡುವುದಕ್ಕೆ ಒಂದೇ ಥರ. ಗಿರಿಜಕ್ಕ ಮಗಳನ್ನು ಕರೆದು ಕಾಲುಚೀಲ ತೆಗೆಯಲು ಹೇಳಿದಳು. ಹಿಂದೊಮ್ಮೆ ಸಿಂಗಾರ ಹೇಗೆ ಒಪ್ಪುತ್ತದೆಂದು ಮಾಡಿ ನೋಡಲು ಪಾರ್ಲರಿಗೆ ಬಂದಾಗಲೂ ಪ್ರತಿಮಾ ಕಾಲುಚೀಲ ಹಾಕಿದ್ದಳು. ಹಿಮ್ಮಡಿ ಒಡೆದಿದೆ, ಮುಲಾಮು ಹಚ್ಚಿದ್ದೇವೆ ಎಂದು ತಾಯಿ ಹೇಳಿದ್ದಳು. ಕಾಲಿಗೆ ಮದರಂಗಿ ಬೇಡ ಎಂದೂ ಹೇಳಿದ್ದಳು. ಈಗ ನೋಡಿದೆ. ಬಲಗಾಲಿನ ಪಾದದ ಮೇಲೆ, ಬೆರಳುಗಳ ಬುಡದಿಂದ ಹರಡಿನವರೆಗೆ, ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ. ತೊನ್ನು.

ಗಂಡಿನ ಕಡೆಯವರಿಗೆ ಹೇಳಿಲ್ಲ ಎಂದು ಗಿರಿಜಕ್ಕ ಒಪ್ಪಿಕೊಂಡಳು. ವೈದ್ಯರಿಗೆ ತೋರಿಸಿದ್ದಾರೆ, ಅಂಟುವ ರೋಗವಲ್ಲ, ನೋವಿಲ್ಲ ಎಂದಿದ್ದಾರೆ. ಆದರೆ ಊರಿನ ಬಾಯಿಗೆ ವೈದ್ಯರ ಮಾತು ಹತ್ತುವುದಿಲ್ಲ. ಮದುವೆಯ ದಿನ ಕಾಲುಂಗುರ ತೊಡಿಸುವಾಗ ಎಲ್ಲರ ಕಣ್ಣೂ ಪಾದದ ಮೇಲೆ. ಮುಖಕ್ಕೆ ಹಚ್ಚುವುದನ್ನೇ ಕಾಲಿಗೂ ಹಚ್ಚಿ ಮುಚ್ಚಿಬಿಡಿ ಎಂದು ನನ್ನನ್ನು ಕೇಳುವುದೋ ಬೇಡವೋ ಎಂದು ಅವಳು ದಿನವೂ ಒದ್ದಾಡುತ್ತಿದ್ದಳಂತೆ.

ಗಾಬರಿಯವರಿಗೆ ಧೈರ್ಯದ ಮಾತು ಬರುವುದಿಲ್ಲ. ಮರುದಿನದ ಚಿಂತೆ ಮಾತ್ರ ಬರುತ್ತದೆ. ಅದೇ ಬಾಯಿಗೆ ಬಂತು. “ಮುಚ್ಚಿ ಕೊಡ್ತೆ ಗಿರಿಜಕ್ಕ, ಮುಚ್ಚುಕೇ ನಾನ್ ಇಪ್ದ್. ಆರೆ ಮಾರನೆ ದಿನ ಕಾಲ್ ತೊಳ್ಕಂಬ್ದ್ ಅವ್ಳೇ ಅಲ್ದಾ?”

ಗಿರಿಜಕ್ಕ ಕಾಲುಚೀಲ ಎತ್ತಿ ಮಗಳತ್ತ ಚಾಚಿದಳು. ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಪ್ರತಿಮಾ ತಾಯಿಯನ್ನು ನೋಡಿ ಹೇಳಿದಳು. “ಅಬ್ಬಿ, ಬದ್ಕ್ ಇಡೀ ಸಾಕ್ಸ್ ಹಾಕಂಡ್ ಇಪ್ಪುಕೆ ನಂಗ್ ಆತಿಲ್ಲೆ.”

ಮರುದಿನ ಬೀಜಾಡಿಗೆ ಹೋಗಿ ಹೇಳಿಬಿಡುವುದೆಂದು ತೀರ್ಮಾನವಾಯಿತು. ನಾನೂ ಬರಬೇಕೆಂದು ಗಿರಿಜಕ್ಕ ಕೈ ಹಿಡಿದುಕೊಂಡಳು. ನಾನಿದ್ದರೆ ಮಾತು ಹೊರಗೆ ಬರುತ್ತದೆಯಂತೆ.

ವಾಪಸು ಬಸ್ಸಿನಲ್ಲಿ ಟಿಕೆಟಿಗೆಂದು ಚೀಲಕ್ಕೆ ಕೈ ಹಾಕಿದಾಗ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಬಿಡಿಸಿದರೆ ಮುತ್ತಿನ ಜಾಲರಿ. ತಕ್ಷಣ ಎಲ್ಲ ನೆನಪಾಯಿತು. ಪ್ರತಿಮಾಳ ಜಡೆಗೆ ಹೂವಿನ ಬದಲು ಇದನ್ನು ಹಾಕಬಹುದೇ ಎಂದು ತಾಯಿಯನ್ನು ಕೇಳಬೇಕಿತ್ತು. ಬಣ್ಣವನ್ನು ಕಣ್ಣಾರೆ ನೋಡಿಯೇ ಒಪ್ಪಬೇಕು, ಆದ್ದರಿಂದ ಫೋನಿನಲ್ಲಿ ಬೇಡ. ಜಾಲರಿಯ ಫೋಟೋ ಇದ್ದ ಇನ್ನೊಂದು ಚೀಟಿಯನ್ನು ನನ್ನ ಗಂಡ ‘ಆಭರಣ’ದ ಲೇಬಲ್ ಅಂಟಿಸಿ ಅಟ್ಟಕ್ಕೆ ಹಾಕಿದ್ದರು; ನಾನು ಹುಡುಕುವಾಗ ಅದನ್ನು ನೋಡಿಯೂ ಇನ್ಯಾರದೋ ಎಂದು ದಾಟಿ ಹೋಗಿದ್ದೆ. ನಗು ಬರಬೇಕಿತ್ತು. ಬರಲಿಲ್ಲ. ಒಂದು ಮುತ್ತಿನ ಜಾಲರಿಗಾಗಿ ಹೋಗಿ ಒಂದು ಮದುವೆಯನ್ನೇ ಅಲುಗಾಡಿಸಿ ಬಂದೆನಲ್ಲ! ನಾಳೆ ಅದು ಮುರಿದುಬಿದ್ದರೆ?

ಶುಕ್ರವಾರ ಬೀಜಾಡಿಯಲ್ಲಿ ಹರೀಶನ ತಾಯಿ ಸೀತಮ್ಮ ನಮಗೆ ಬೆಲ್ಲ, ನೀರು ಕೊಟ್ಟರು. ಗಟ್ಟಿ ಹೆಂಗಸು, ನಗು ಕಡಿಮೆ. ಗಿರಿಜಕ್ಕ ಸುತ್ತಿ ಬಳಸದೆ ಹೇಳಿದಳು. ಜಗಲಿಯಲ್ಲಿದ್ದ ಹರೀಶನ ದೊಡ್ಡಪ್ಪ ಪೂರ್ತಿ ಕೇಳದೆಯೇ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಸೀತಮ್ಮ ಅವರನ್ನು ಕರೆಯಲಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂದು ಒಂದೇ ಪ್ರಶ್ನೆ ಕೇಳಿದರು. ಹೆದರಿಕೆ ಎಂದಳು ಗಿರಿಜಕ್ಕ. ಸೀತಮ್ಮ ಒಳಗೆ ಹೋದರು. ಪಾತ್ರೆಗಳ ಸದ್ದು ಬರುತ್ತಿತ್ತು, ಅವರು ಬರಲಿಲ್ಲ. ಕೊನೆಗೆ ಬಂದು, ಹರೀಶ ಲಾರಿಯೊಂದಿಗೆ ಹೋಗಿದ್ದಾನೆ, ಬದುಕುವವನು ಅವನು, ಅವನನ್ನು ಕೇಳದೆ ಏನೂ ಹೇಳಲಾರೆ ಎಂದು ನಮ್ಮನ್ನು ಕಳಿಸಿಕೊಟ್ಟರು.

ಆ ಸಂಜೆ ನಾನು ಕಳೆದ ರೀತಿ ನಿಮಗೆ ಬೇಡ. ಗಂಡ ಅಂಗಡಿಯಿಂದ ಬಂದು, ಆದದ್ದೆಲ್ಲ ಕೇಳಿ, ಒಂದು ಲೋಟ ಕಾಫಿ ತಾವೇ ಮಾಡಿ ತಂದಿಟ್ಟರು. ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಇಬ್ಬರೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಗಿರಿಜಕ್ಕನ ಫೋನು. ಹರೀಶ ದಾರಿಯಲ್ಲೇ ಲಾರಿ ನಿಲ್ಲಿಸಿ ಪ್ರತಿಮಾಳ ಜೊತೆ ಮಾತಾಡಿದನಂತೆ. ಏನು ಮಾತಾಡಿದರೋ ಮಗಳು ತಾಯಿಗೆ ಹೇಳಿಲ್ಲ. ಅವಳು ಮಾತು ಮುಗಿಸಿ ಒಳಗೆ ಹೋಗಿ ಎರಡು ಬಟ್ಟಲು ಗಂಜಿ ಉಂಡಳು, ಅದನ್ನು ನೋಡಿಯೇ ತನಗೆ ಜೀವ ಬಂತು ಎಂದಳು ಗಿರಿಜಕ್ಕ. ಆಮೇಲೆ ಸೀತಮ್ಮನೂ ಫೋನು ಮಾಡಿದ್ದರು. ಅವರ ಮಾತು ಚುಟುಕು: “ಮುಹೂರ್ತ ಅದೇ. ಮದರಂಗಿ ಕಾಲಿಗೂ ಹಾಕ್ಸಿ.”

ಮಧ್ಯಾಹ್ನ ಹೋಗಿ ನಾನೇ ಹಾಕಿದೆ. ಆ ಕಾಲಿನ ಮೇಲೆ ಬೆರಳುಗಳ ಬುಡದಿಂದ ಹರಡಿನವರೆಗೂ ಬಳ್ಳಿ ಎಳೆದೆ. ಮದುವೆಯ ಬೆಳಿಗ್ಗೆ ನೋಡಿದರೆ ಉಳಿದೆಡೆ ಕಂದಾಗಿದ್ದ ಮದರಂಗಿ ಆ ಬಿಳಿಯ ಜಾಗದಲ್ಲಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ಬಣ್ಣ ಯಾವುದನ್ನೂ ಮುಚ್ಚಿರಲಿಲ್ಲ. ಕಾಲುಂಗುರ ತೊಡಿಸುವಾಗ ಹರೀಶ ಆ ಪಾದವನ್ನು ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಹಿಡಿದುಕೊಂಡ. ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು, ಇಲ್ಲವೆನ್ನಲಾರೆ. ದೊಡ್ಡಪ್ಪನ ಮನೆಯವರು ಯಾರೂ ಬಂದಿರಲಿಲ್ಲ. ಆಮೇಲೂ ಬಹಳ ಕಾಲ ಬರಲಿಲ್ಲವಂತೆ.

ಊಟಕ್ಕೆ ಮೊದಲು ಸೀತಮ್ಮ ನನಗೆ ಕಣ್ಸನ್ನೆ ಮಾಡಿ ಮದುಮಗಳ ಕೋಣೆಗೆ ಕರೆದರು. ಬಾಗಿಲಿಗೆ ಅಗುಳಿ ಹಾಕಿ, ಆಚೀಚೆ ನೋಡಿ, ತಮ್ಮ ತುರುಬನ್ನು ಸಲೀಸಾಗಿ ಕೈಗೆ ತೆಗೆದುಕೊಂಡರು. ಅದು ಪೂರ್ತಿ ಚವರಿ. ನೆತ್ತಿಯ ಹಿಂದೆ ಅಂಗೈಯಗಲ ಕೂದಲೇ ಇಲ್ಲ. ಜಾರುತ್ತಿದೆ, ಫೋಟೋಗೆ ನಿಲ್ಲುವ ಮೊದಲು ಗಟ್ಟಿಯಾಗಿ ಸಿಕ್ಕಿಸಿಕೊಡಿ ಎಂದರು. ನಾನು ಪಿನ್ನು ಚುಚ್ಚುತ್ತಿರುವಾಗ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿ, “ಯಾರ ಹತ್ರೂ ಹೇಳ್ಬೇಡಿ, ನಮ್ ಮಾಣಿ ಹರೀಶಂಗೂ ಗೊತ್ತಿಲ್ಲೆ” ಎಂದರು.

ಅಭ್ಯಾಸಬಲದಿಂದ ನನ್ನ ಕೈ ಫೋನಿನ ಕಡೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ. ಈ ವಿಷಯಕ್ಕೆ ಲೇಬಲ್ ಹಚ್ಚಿಲ್ಲ, ಆರ್ಕೈವ್‌ಗೂ ಹಾಕಿಲ್ಲ, ಬರೆದೇ ಇಲ್ಲ. ಸುಮ್ಮನೆ ಮಾತಿಗೆ ಬಂತೆಂದು ನಿಮ್ಮೊಬ್ಬರಿಗೆ ಹೇಳಿದೆ. ನೀವೂ ಎಲ್ಲೂ ಬರೆದಿಟ್ಟುಕೊಳ್ಳಬೇಡಿ.